ಅಪ್‌ಡೇಟ್: ಒಂಬತ್ತನೇ ಕ್ಲಾಸಿನ ಇಂಗ್ಲಿಷ್ ಪಾಠದಲ್ಲಿ ಪ್ರಶ್ನೆ ಶುರುವಾಯಿತು

ಮಕ್ಕಳು ಇಂಗ್ಲಿಷ್ ಪಾಠವನ್ನು ಸುಮ್ನೆ ಉರು ಹೊಡೆಯುತ್ತಾರೆ, ಓದಿದ್ದನ್ನು ಪ್ರಶ್ನಿಸಲು ಹೇಗೆ ಕಲಿಸಲಿ ಅಂತ ಹೋದ ವಾರ ಇಲ್ಲಿ ಕೇಳಿದ್ದೆ. ಓದು-ಬರಹದ ಸಂಶೋಧಕರಾದ ಲ್ಯೂಕ್ ಮತ್ತು ಫ್ರೀಬಾಡಿ 1990ರಲ್ಲಿ ಹೇಳಿದ ಓದುಗರ ನಾಲ್ಕು ಪಾತ್ರಗಳನ್ನು (ಅಕ್ಷರ ಬಿಡಿಸಿ ಓದುವುದು, ಅರ್ಥ ಮಾಡಿಕೊಳ್ಳುವುದು, ಬಳಸುವುದು, ಪ್ರಶ್ನಿಸುವುದು) ಬೋರ್ಡಿನ ಮೇಲೆ ಬರೆದು ವಿವರಿಸಿದೆ. ನನಗೆ ಉಪಯೋಗವಾಯಿತು, ಮಕ್ಕಳಿಗೆ ಆಗಲಿಲ್ಲ.

ಕೆಲಸ ಮಾಡಿದ್ದು ಜಾಹೀರಾತು ಕೊಟ್ಟು ಪ್ರಶ್ನೆ ಕೇಳಿ ಅಂತ ನೀವು ಕೊಟ್ಟ ಸಲಹೆ, ತುಂಬಾ ಥ್ಯಾಂಕ್ಸ್! ಕ್ರೀಮಿನ ಇಂಗ್ಲಿಷ್ ಜಾಹೀರಾತು ಕೊಟ್ಟು, ಇದರಲ್ಲಿ ಯಾರು ಕಾಣಿಸುತ್ತಿಲ್ಲ, ಯಾರಿಗೆ ಲಾಭ ಅಂತ ಎರಡೇ ಪ್ರಶ್ನೆ ಕೇಳಿ, ಮೊದಲು ಕನ್ನಡದಲ್ಲೇ ಮಾತಾಡಲು ಬಿಟ್ಟೆ. 'ಫೇರ್ ಅಂಡ್ ಲವ್ಲಿ' 2020ರಲ್ಲಿ 'ಗ್ಲೋ ಅಂಡ್ ಲವ್ಲಿ' ಆಯಿತು ಎಂದಾಗ, ಫೇರ್ ಅಂದ್ರೆ ನ್ಯಾಯ ಅಂತಲೂ ಅರ್ಥ ಅಲ್ವಾ ಮಿಸ್, ಎಂದು ಹಿಂದಿನ ಬೆಂಚಿನ ಹುಡುಗಿ ಕೇಳಿದಳು. ಪೀರಿಯಡ್ ಪೂರ್ತಿ ಅದೇ ಪದದ ಮೇಲೆ ಹೋಯಿತು.

ಪ್ಯಾಸಿವ್ ವಾಯ್ಸ್ ಕೂಡ ಈಗ ಸುಲಭ. 'ಟ್ರೀಸ್ ವರ್ ಕಟ್' (ಮರಗಳನ್ನು ಕಡಿಯಲಾಯಿತು) ಅಂದ ತಕ್ಷಣ, ಕಡಿದಿದ್ದು ಯಾರು ಅಂತ ಅವರೇ ಕೇಳುತ್ತಾರೆ.