ತೋಳವಿರುವ ಊರಿನ ಮಕ್ಕಳು, ತೋಳವಿಲ್ಲದ ಊರಿನ ಮಕ್ಕಳು: ಮುರಿದ ಪತ್ರವ್ಯವಹಾರವನ್ನು ಮತ್ತೆ ಜೋಡಿಸುವುದು ಹೇಗೆ?

ಪ್ರಶ್ನೆ (ಏಳನೆಯ ತರಗತಿಯ ವಿಜ್ಞಾನ ಶಿಕ್ಷಕಿ)

ಎಲ್ಲರಿಗೂ ನಮಸ್ಕಾರ. ನಮ್ಮ ಶಾಲೆ ಇರುವ ಪ್ರದೇಶದಲ್ಲಿ ತೋಳ ಕಣ್ಮರೆಯಾಗಿ ಎಷ್ಟೋ ತಲೆಮಾರುಗಳು ಕಳೆದಿವೆ. ಇಲ್ಲಿನ ಮಕ್ಕಳ ಪಾಲಿಗೆ ಅದು ಒಂದೋ ಕಥೆಯಲ್ಲಿ ಬರುವ ಕಪಟಿ, ಇಲ್ಲವೇ ಹಿಮದ ಮೇಲೆ ನಿಂತು ಊಳಿಡುವ ಚೆಂದದ ಚಿತ್ರ. ಈ ವರ್ಷ, ಕುರಿ ಮೇಯಿಸಿ ಬದುಕುವ ಕುಟುಂಬಗಳೇ ಹೆಚ್ಚಾಗಿರುವ ದೂರದ ಪ್ರದೇಶದ ಶಾಲೆಯೊಂದರ ಜೊತೆ ಪತ್ರವ್ಯವಹಾರ ಆರಂಭಿಸಿದೆವು. ಆ ಕಡೆಯ ಬದುಕು, ಈ ಕಡೆಯ ಬದುಕು, ಎರಡಕ್ಕೂ ನಡುವೆ ವಿಷಯವಾಗಿ ತೋಳ. ತಿಂಗಳಿಗೊಂದು ಲಕೋಟೆ ಬರುತ್ತಿತ್ತು, ಒಂದು ಹೋಗುತ್ತಿತ್ತು.

ಎರಡನೆಯ ಲಕೋಟೆಯಲ್ಲಿ ಹತ್ತಿಯಲ್ಲಿ ಸುತ್ತಿದ ಪ್ಲಾಸ್ಟರ್ ಅಚ್ಚೊಂದು ಬಂದಿತ್ತು. ಕೆಸರಿನಲ್ಲಿ ಮೂಡಿದ್ದ ತೋಳದ ಹೆಜ್ಜೆಗುರುತು: ನಾಲ್ಕು ಬೆರಳು, ಪ್ರತಿ ಬೆರಳಿನ ತುದಿಗೆ ಉಗುರಿನ ಚುಕ್ಕೆ. ಅಂಚಿನಲ್ಲಿ ಒಣಗಿದ ಕೆಸರು ಹಾಗೆಯೇ ಅಂಟಿಕೊಂಡಿತ್ತು. ಅದನ್ನು ತೊಳೆಯಬಾರದೆಂದು ಮಕ್ಕಳೇ ತೀರ್ಮಾನಿಸಿದರು. ತರಗತಿಯಲ್ಲಿ ಅಷ್ಟು ನಿಶ್ಶಬ್ದವನ್ನು ನಾನು ಪರೀಕ್ಷೆಯ ದಿನವೂ ಕಂಡಿಲ್ಲ.

ಮೂರನೆಯ ಲಕೋಟೆಯಲ್ಲಿ ಒಬ್ಬ ಹುಡುಗ ಬರೆದಿದ್ದ: ರಾತ್ರಿ ತೋಳ ದೊಡ್ಡಿಗೆ ನುಗ್ಗಿ ನಾಲ್ಕು ಕುರಿಗಳನ್ನು ಕೊಂದಿತು, ತಿಂದದ್ದು ಒಂದನ್ನು ಮಾತ್ರ, ಸತ್ತವುಗಳಲ್ಲಿ ಒಂದು ತಾನು ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ ಮರಿ. ಅದಕ್ಕೆ ನಮ್ಮ ಹುಡುಗಿಯೊಬ್ಬಳು, ತೋಳ ಪಾಪದ ಪ್ರಾಣಿ, ಅದಕ್ಕೂ ಹಸಿವಿರುತ್ತದೆ, ನೀವು ಬೇಲಿಯನ್ನು ಸರಿಯಾಗಿ ಹಾಕಿಕೊಳ್ಳಬೇಕಿತ್ತು ಎಂದು ಉತ್ತರ ಬರೆದಳು. ಲಕೋಟೆ ಅಂಟಿಸುವ ಮುನ್ನ ನಾನು ಅದನ್ನು ಓದಿದ್ದೆ. ಮಗುವಿನ ಮಾತು, ಇರಲಿ ಎಂದು ಬಿಟ್ಟೆ. ಆಮೇಲೆ ಬಂದ ಲಕೋಟೆ ತೆಳ್ಳಗಿತ್ತು. ಪ್ರತಿಯೊಬ್ಬರದೂ ಎರಡೇ ಸಾಲು, ಪ್ರಶ್ನೆ ಒಂದೂ ಇಲ್ಲ, ಆ ಹುಡುಗನ ಪತ್ರವಂತೂ ಇರಲೇ ಇಲ್ಲ.

ಮುಂದೆ ಮಕ್ಕಳ ಪತ್ರಗಳನ್ನು ನಾನು ತಿದ್ದಿ ಕಳುಹಿಸಬೇಕೇ? ತೋಳ ಒಳ್ಳೆಯದೋ ಕೆಟ್ಟದ್ದೋ ಎಂದು ಎರಡೂ ತರಗತಿಗಳಲ್ಲಿ ಚರ್ಚಾಸ್ಪರ್ಧೆ ಏರ್ಪಡಿಸಿದರೆ ಮನಸ್ಸುಗಳು ತಿಳಿಯಾಗುತ್ತವೆಯೇ? ಇಂಥ ವಿನಿಮಯ ನಡೆಸಿದ ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ 1 (ನಿವೃತ್ತ ಸಮಾಜ ವಿಜ್ಞಾನ ಶಿಕ್ಷಕ)

ಮೇಡಂ, ಚರ್ಚಾಸ್ಪರ್ಧೆ ಖಂಡಿತ ಬೇಡ. ಅದರಲ್ಲಿ ಒಂದು ತರಗತಿ ಗೆಲ್ಲುತ್ತದೆ, ಇನ್ನೊಂದು ಸೋಲುತ್ತದೆ, ಆ ಹುಡುಗನ ನಾಲ್ಕು ಕುರಿಗಳು ವಾದದ ಅಂಶವಾಗಿಬಿಡುತ್ತವೆ. ಪತ್ರಗಳನ್ನು ತಿದ್ದುವುದೂ ಬೇಡ. ಶಿಕ್ಷಕರ ಕೈ ತಗಲಿದ ಪತ್ರವನ್ನು ಮಕ್ಕಳು ಮೊದಲ ಸಾಲಿನಲ್ಲೇ ಗುರುತಿಸುತ್ತಾರೆ.

ನನ್ನ ದೃಷ್ಟಿಯಲ್ಲಿ ತಪ್ಪು ಆ ಹುಡುಗಿಯದಲ್ಲ, ವಿನಿಮಯವನ್ನು ರೂಪಿಸಿದ ರೀತಿಯದು. ಆ ಕಡೆಯಿಂದ ಅಚ್ಚು ಬಂತು, ದೊಡ್ಡಿಯ ಸುದ್ದಿ ಬಂತು. ನಿಮ್ಮ ಮಕ್ಕಳು ತೋಳದ ವಿಷಯದಲ್ಲಿ ಏನು ಕಳುಹಿಸಿದರು? ಅವರ ಬಳಿ ಕೊಡಲು ಏನೂ ಇರಲಿಲ್ಲವಾದ್ದರಿಂದ ಅಭಿಪ್ರಾಯವನ್ನು ಕೊಟ್ಟರು. ಆದರೆ ತೋಳವಿಲ್ಲದ ಪ್ರದೇಶಕ್ಕೂ ತೋಳದ ಬಗ್ಗೆ ಹೇಳಲು ಒಂದು ವಿಷಯ ಇದ್ದೇ ಇರುತ್ತದೆ: ಅದು ಹೇಗೆ ಇಲ್ಲವಾಯಿತು ಎಂಬುದು. ಐರ್ಲೆಂಡಿನಲ್ಲಿ ಹದಿನೆಂಟನೆಯ ಶತಮಾನ ಮುಗಿಯುವಷ್ಟರಲ್ಲಿ ತೋಳಗಳನ್ನು ಬೇಟೆಯಾಡಿ ಮುಗಿಸಿದ್ದರು. ಜಪಾನಿನ ಹೊನ್ಶು ದ್ವೀಪದ ಕೊನೆಯ ತೋಳ ಎಂದು ದಾಖಲಾಗಿರುವುದು 1905ರಲ್ಲಿ ನಾರಾ ಪ್ರಾಂತ್ಯದಲ್ಲಿ ಸತ್ತದ್ದು. ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದೊಳಗೇ, ಸರ್ಕಾರದ ಕಾರ್ಯಕ್ರಮದಂತೆಯೇ, 1926ರ ವೇಳೆಗೆ ತೋಳಗಳನ್ನು ಕೊಂದು ಮುಗಿಸಿದರು. ಮುಂದೆ 1995 ಮತ್ತು 1996ರಲ್ಲಿ ಕೆನಡಾದಿಂದ 31 ತೋಳಗಳನ್ನು ತಂದು ಬಿಡಬೇಕಾಯಿತು.

ನಿಮ್ಮ ಮಕ್ಕಳನ್ನು ತಮ್ಮ ಪ್ರದೇಶದ ಈ ಲೆಕ್ಕವನ್ನು ಹುಡುಕಲು ಕಳುಹಿಸಿ. ಹಿರಿಯರನ್ನು ಕೇಳಲಿ, ಹಳೆಯ ನಕ್ಷೆಗಳಲ್ಲಿ ತೋಳದ ಹೆಸರು ಹೊತ್ತ ಗುಡ್ಡ, ಹಳ್ಳ, ಬಂಡೆ ಇದೆಯೇ ನೋಡಲಿ, ತೋಳವನ್ನು ಕೊಂದವರಿಗೆ ಬಹುಮಾನ ಕೊಟ್ಟ ದಾಖಲೆ ಸಿಗುತ್ತದೆಯೇ ಎಂದು ಗ್ರಂಥಾಲಯದಲ್ಲಿ ವಿಚಾರಿಸಲಿ. ಆ ಹುಡುಗಿಗೆ ಆಗ ಒಂದು ಸಂಗತಿ ತಾನಾಗಿಯೇ ಹೊಳೆಯಬಹುದು: ಇಂದು ಆ ಹುಡುಗನ ತಂದೆ ಯಾವುದನ್ನು ಮಾಡಬಾರದೆಂದು ಎಲ್ಲರೂ ಹೇಳುತ್ತಿದ್ದಾರೋ, ಅದನ್ನು ತನ್ನ ಊರಿನವರು ಹಿಂದೆಯೇ ಮಾಡಿ ಮುಗಿಸಿದ್ದರಿಂದ ತನಗೆ ಬೇಲಿಯ ಚಿಂತೆಯಿಲ್ಲ. ಇದನ್ನು ನೀವು ಬಾಯಿಬಿಟ್ಟು ಹೇಳಬೇಡಿ. ಹೇಳಿದರೆ ಅದು ನೀತಿಪಾಠವಾಗುತ್ತದೆ.

ಒಂದೇ ನಿಯಮ ಸಾಕು: ಪತ್ರದಲ್ಲಿ ಕಂಡದ್ದು ಇರಲಿ, ಕೇಳಿ ತಿಳಿದದ್ದು ಇರಲಿ, ಪ್ರಶ್ನೆ ಇರಲಿ, ಸಲಹೆ ಮಾತ್ರ ಬೇಡ.

ಉತ್ತರ 2 (ವನ್ಯಜೀವಿ ಕ್ಷೇತ್ರ ಅಧ್ಯಯನದಲ್ಲಿ ತೊಡಗಿರುವವರು)

ಮೇಲಿನ ಮಾತನ್ನು ಬಹುಮಟ್ಟಿಗೆ ಒಪ್ಪುತ್ತೇನೆ. ಆದರೆ ಸಲಹೆಯನ್ನು ನಿಷೇಧಿಸಿದ ಮಾತ್ರಕ್ಕೆ ತಪ್ಪು ತಿಳಿವಳಿಕೆ ಹೋಗುವುದಿಲ್ಲ, ಆ ಪತ್ರದಲ್ಲಿ ವಿಜ್ಞಾನದ ಪ್ರಶ್ನೆಯೊಂದು ಅಡಗಿ ಕುಳಿತಿದೆ ಎಂಬುದನ್ನು ಗಮನಿಸಿ. ನಾಲ್ಕನ್ನು ಕೊಂದು ಒಂದನ್ನೇ ತಿಂದದ್ದೇಕೆ? "ಅದಕ್ಕೂ ಹಸಿವಿರುತ್ತದೆ" ಎಂಬ ಉತ್ತರ ಇಲ್ಲಿ ಸಾಲದು, "ಅದು ಕ್ರೂರಿ" ಎಂಬ ಉತ್ತರವೂ ಸಾಲದು. ಕಾಡಿನಲ್ಲಿ ಜಿಂಕೆಯ ಹಿಂಡಿನ ಮೇಲೆ ಬಿದ್ದ ತೋಳಕ್ಕೆ ಒಂದು ಸಿಕ್ಕುವಷ್ಟರಲ್ಲಿ ಉಳಿದವು ಓಡಿಹೋಗಿರುತ್ತವೆ. ದೊಡ್ಡಿಯಲ್ಲಿ ಕುರಿಗಳಿಗೆ ಓಡಲು ದಾರಿಯಿಲ್ಲ. ಬೆದರಿ ಕಣ್ಣೆದುರೇ ಸುತ್ತುತ್ತಿರುವ ಪ್ರಾಣಿಯ ಮೇಲೆ ತೋಳದ ಹಿಡಿಯುವ ಪ್ರವೃತ್ತಿ ಮತ್ತೆ ಮತ್ತೆ ಕೆರಳುತ್ತದೆ. ಹೊಟ್ಟೆ ತುಂಬಿಸಿಕೊಳ್ಳುವಷ್ಟರಲ್ಲಿ ಮನುಷ್ಯರ ಸದ್ದಾದರೆ ಉಳಿದದ್ದನ್ನು ಬಿಟ್ಟು ಓಡುತ್ತದೆ.

ಬೇಲಿಯ ವಿಷಯವೂ ಅಷ್ಟೇ, ಕೇಳಿದಷ್ಟು ಸರಳವಲ್ಲ. ತೋಳ ಸಾಮಾನ್ಯವಾಗಿ ಬೇಲಿಯನ್ನು ಹಾರುವುದಕ್ಕಿಂತ ಮೊದಲು ಅದರ ಅಡಿಯಲ್ಲಿ ನುಸುಳಲು ನೋಡುತ್ತದೆ, ಆದ್ದರಿಂದ ಎತ್ತರದಷ್ಟೇ ಬುಡವೂ ಮುಖ್ಯ. ಪೂರ್ವ ಯುರೋಪಿನಲ್ಲಿ ತೋಳದ ಬೇಟೆಗೆ ಬಳಸುತ್ತಿದ್ದ ಒಂದು ಉಪಾಯ ಈಗ ರಕ್ಷಣೆಗೆ ಬಳಕೆಯಾಗುತ್ತಿದೆ: ಹಗ್ಗಕ್ಕೆ ಸಾಲಾಗಿ ಕೆಂಪು ಬಟ್ಟೆಯ ಚೂರುಗಳನ್ನು ಕಟ್ಟಿ ಹಟ್ಟಿಯ ಸುತ್ತ ತೂಗುಬಿಡುವುದು. ಗಾಳಿಗೆ ಅಲುಗುವ ಆ ಚೂರುಗಳನ್ನು ದಾಟಲು ತೋಳ ಅಂಜುತ್ತದೆ, ಆದರೆ ಕೆಲವು ವಾರಗಳಲ್ಲಿ ಅಂಜಿಕೆ ಹೋಗಿಬಿಡುತ್ತದೆ. ಇಟಲಿಯ ಅಬ್ರುಝೋ ಬೆಟ್ಟಗಳಲ್ಲಿ ತೋಳ ಪೂರ್ತಿಯಾಗಿ ಅಳಿಯಲಿಲ್ಲ. ಹಾಗಾಗಿ ಕುರಿಗಳ ನಡುವೆಯೇ ಬೆಳೆದು ಮಂದೆಯನ್ನು ಕಾಯುವ ಬಿಳಿ ನಾಯಿಗಳ ಪರಂಪರೆಯೂ ಅಲ್ಲಿ ಉಳಿಯಿತು. ಜರ್ಮನಿಯಲ್ಲಿ ತೋಳ ಇಲ್ಲವಾಗಿ ಸುಮಾರು ಒಂದೂವರೆ ಶತಮಾನ ಕಳೆದ ಮೇಲೆ, 2000ದಲ್ಲಿ ಲುಸಾಟಿಯಾ ಪ್ರದೇಶದಲ್ಲಿ ಮತ್ತೆ ಮರಿಗಳು ಹುಟ್ಟಿದವು. ತೋಳ ತಾನಾಗಿ ಗಡಿ ದಾಟಿ ಮರಳಿ ಬಂತು, ಅದರ ಜೊತೆ ಬಾಳುವ ತಿಳಿವಳಿಕೆ ಹಾಗೆ ಮರಳಲಿಲ್ಲ. ಕುರಿಗಾಹಿಗಳು ವಿದ್ಯುತ್ ಬೇಲಿಯನ್ನೂ ಕಾವಲು ನಾಯಿಯನ್ನೂ ಹೊಸದಾಗಿ ರೂಢಿಸಿಕೊಳ್ಳಬೇಕಾಯಿತು. ನಿಮ್ಮ ಎರಡು ತರಗತಿಗಳು ನಡೆಸುತ್ತಿರುವ ವಿನಿಮಯ ದೊಡ್ಡವರಿಗೂ ಬೇಕಾದದ್ದೇ ಎಂದು ನನಗೆ ತೋರುವುದು ಈ ಕಾರಣಕ್ಕೆ.

ಅಚ್ಚಿನ ಬಗ್ಗೆ ಒಂದು ಮಾತು. ಒಂದೇ ಹೆಜ್ಜೆಯನ್ನು ನೋಡಿ ಇದು ತೋಳದ್ದು, ದೊಡ್ಡ ನಾಯಿಯದ್ದಲ್ಲ ಎಂದು ಖಚಿತವಾಗಿ ಹೇಳುವುದು ಪಳಗಿದವರಿಗೂ ಕಷ್ಟ. ನಡಿಗೆಯ ಸಾಲನ್ನು ನೋಡಬೇಕು: ತೋಳ ಹಿಂಗಾಲನ್ನು ಮುಂಗಾಲಿನ ಗುರುತಿನ ಮೇಲೆಯೇ ಇಡುತ್ತಾ ಹೆಚ್ಚುಕಡಿಮೆ ನೇರವಾಗಿ ಸಾಗುತ್ತದೆ, ನಾಯಿ ಅಡ್ಡಾದಿಡ್ಡಿ ಅಲೆಯುತ್ತದೆ. ಇದು ನಾಯಿಯದ್ದಲ್ಲವೆಂದು ನಿಮಗೆ ಹೇಗೆ ಗೊತ್ತಾಯಿತು ಎಂದು ನಿಮ್ಮ ಮಕ್ಕಳು ಕೇಳಲಿ. ಅನುಮಾನದಿಂದಲ್ಲ, ಕಲಿಯುವುದಕ್ಕಾಗಿ. ಅಚ್ಚಿನ ಪಕ್ಕ ಅಳತೆಪಟ್ಟಿ ಇಟ್ಟು ಚಿತ್ರ ಬರೆಯಲಿ. ದಖ್ಖನಿನ ಹುಲ್ಲುಗಾವಲಿನ ತೋಳ ಸುಮಾರು 20 ಕಿಲೋ ತೂಗಿದರೆ ಉತ್ತರದ ಶೀತಪ್ರದೇಶಗಳ ತೋಳ 40 ಕಿಲೋ ಮೀರುವುದುಂಟು, ಹೆಜ್ಜೆಯ ಗಾತ್ರವೂ ಅದಕ್ಕೆ ತಕ್ಕಂತೆ ಬದಲಾಗುತ್ತದೆ.

ಇನ್ನು, ಹಿಂಡಿನಲ್ಲಿ ಕಾದಾಡಿ ಗೆದ್ದ ನಾಯಕ ತೋಳವೊಂದು ಇರುತ್ತದೆಂದು ಪತ್ರಗಳಲ್ಲಿ ಬಂದರೆ, ಆ ಕಲ್ಪನೆಗೆ ಮೂಲ ರುಡಾಲ್ಫ್ ಶೆಂಕೆಲ್ ಅವರು 1947ರಲ್ಲಿ ಪ್ರಕಟಿಸಿದ, ಬಂಧನದಲ್ಲಿದ್ದ ತೋಳಗಳ ಅಧ್ಯಯನ ಎಂಬುದನ್ನು ತಿಳಿಸಿ. ಅದನ್ನು ಜನಪ್ರಿಯಗೊಳಿಸಿದವರಲ್ಲಿ ಒಬ್ಬರಾದ ಡೇವಿಡ್ ಮೆಕ್ ಅವರೇ 1999ರಲ್ಲಿ ತಮ್ಮ ಮಾತನ್ನು ತಿದ್ದಿಕೊಂಡರು: ಕಾಡಿನ ಹಿಂಡೆಂದರೆ ಸಾಮಾನ್ಯವಾಗಿ ತಂದೆ, ತಾಯಿ, ಅವುಗಳ ಮಕ್ಕಳು. ದೊಡ್ಡ ವಿಜ್ಞಾನಿಯೊಬ್ಬರು ನಾನು ಹೇಳಿದ್ದು ಸರಿಯಲ್ಲ ಎಂದದ್ದು ಏಳನೆಯ ತರಗತಿಯವರಿಗೆ ತೋಳಕ್ಕಿಂತಲೂ ಸೋಜಿಗವೆನಿಸೀತು.

ಉತ್ತರ 3 (ಕುರಿಗಾಹಿ ಮನೆತನದವರು)

ನಾನು ಶಿಕ್ಷಕನಲ್ಲ, ಆದರೂ ಬರೆಯುತ್ತಿದ್ದೇನೆ. ಚಿಕ್ಕಂದಿನಲ್ಲಿ ಇಂಥದೇ ಮಾತನ್ನು ನಾನೂ ಕೇಳಿದ್ದೇನೆ. ಹೇಳಿದವರು ಮಗುವಲ್ಲ, ಅಧಿಕಾರಿ. ಪರಿಹಾರ ಬೇಕಾದರೆ ಸತ್ತ ಕುರಿಯನ್ನು ತೋರಿಸಿ ಎಂದರು. ಅವರು ಬಂದು ನೋಡುವ ಹೊತ್ತಿಗೆ ನಾಯಿ, ಕಾಗೆಗಳು ಅರ್ಧ ಮುಗಿಸಿದ್ದವು. ಇದು ತೋಳ ಹಿಡಿದದ್ದೆಂದು ಹೇಗೆ ನಂಬುವುದು ಎಂದು ಹೊರಟುಹೋದರು. ಆ ರಾತ್ರಿ ಅಪ್ಪ ಬೈದದ್ದು ತೋಳವನ್ನಲ್ಲ.

ಬೇಲಿ ಹಾಕಿ ಎನ್ನುತ್ತಾರೆ. ಮೇವು ಮುಗಿದ ಹಾಗೆ ಮಂದೆಯನ್ನು ಮುಂದಕ್ಕೆ ಹೊಡೆದುಕೊಂಡು ಹೋಗುವವರು ಯಾವ ಹೊಲಕ್ಕೆ, ಯಾರ ನೆಲಕ್ಕೆ ಬೇಲಿ ಹಾಕಬೇಕು? ಹೊತ್ತೊಯ್ಯಬಲ್ಲ ಬಲೆ ಇದೆ, ನಾಯಿ ಇದೆ, ಎಚ್ಚರವಾಗಿರುವ ಒಬ್ಬ ಮನುಷ್ಯ ಇದ್ದಾನೆ. ಮೂರರಲ್ಲಿ ಒಂದು ತೂಕಡಿಸಿದ ರಾತ್ರಿ ತೋಳ ಬರುತ್ತದೆ.

ಹಾಗೆಂದು ತೋಳವನ್ನು ಕಂಡರೆ ನಮಗೆ ಹಗೆತನವೇ ತುಂಬಿದೆ ಎಂದುಕೊಳ್ಳಬೇಡಿ. ಮರಿ ಹಾಕಿದ ಬಿಲ ಎಲ್ಲಿದೆ ಎಂದು ಗೊತ್ತಿದ್ದರೂ ನನ್ನಜ್ಜ ಯಾರಿಗೂ ಹೇಳುತ್ತಿರಲಿಲ್ಲ, ಮಂದೆಯನ್ನು ಆ ದಿಕ್ಕಿಗೆ ಬಿಡುತ್ತಲೂ ಇರಲಿಲ್ಲ. ಆ ಹುಡುಗನಿಗೂ ಇಂಥದ್ದೆಲ್ಲ ತಿಳಿದಿರುತ್ತದೆ. ಅವನಿಂದ ಕಲಿಯುವುದು ಬಹಳವಿದೆ ಎಂಬ ಭಾವನೆ ಬರುವಂತೆ ಒಂದು ಪ್ರಶ್ನೆ ಕೇಳಿಸಿ, ಸಾಕು. ಮೊದಲು ಮಾತ್ರ ಆ ಮರಿಯ ಬಗ್ಗೆ ಒಂದು ಮಾತು ಬರೆಯಲಿ. ಸತ್ತ ಮನೆಗೆ ಹೋದವರು ಮೊದಲು ಕಾರಣ ಕೇಳುವುದಿಲ್ಲ.

ಪ್ರಶ್ನೆ ಕೇಳಿದವರಿಂದ, ಎರಡು ತಿಂಗಳ ನಂತರ

ಉತ್ತರಿಸಿದ ಮೂವರಿಗೂ ಕೃತಜ್ಞತೆಗಳು. ಚರ್ಚಾಸ್ಪರ್ಧೆಯ ಯೋಚನೆಯನ್ನು ಕೈಬಿಟ್ಟೆ. ಮಕ್ಕಳು ಹುಡುಕಾಟಕ್ಕೆ ಹೊರಟಾಗ ಬಹುಮಾನದ ದಾಖಲೆಯೇನೂ ಸಿಗಲಿಲ್ಲ, ಹಿರಿಯರಲ್ಲಿ ಹೆಚ್ಚಿನವರು ತಮಗೆ ಗೊತ್ತಿಲ್ಲವೆಂದರು. ಆದರೆ ಹಳೆಯ ನಕ್ಷೆಯೊಂದರಲ್ಲಿ ತೋಳದ ಹೆಸರಿನ ಒಂದು ದಿಬ್ಬ ಸಿಕ್ಕಿತು. ಇಂದು ಅಲ್ಲಿ ನೀರಿನ ಟ್ಯಾಂಕ್ ಇದೆ; ದಿನವೂ ಅದರ ಪಕ್ಕದಲ್ಲೇ ನಡೆದು ಶಾಲೆಗೆ ಬರುವ ಮಕ್ಕಳಿಗೂ ಆ ಹೆಸರು ತಿಳಿದಿರಲಿಲ್ಲ.

ಆ ಹುಡುಗಿ ತನ್ನ ಪತ್ರವನ್ನು ಮೂರು ಸಲ ಹರಿದು ನಾಲ್ಕನೆಯ ಸಲ ಬರೆದಳು. ಮರಿಗೆ ಏನೆಂದು ಹೆಸರಿಟ್ಟಿದ್ದೆ ಎಂದು ಮೊದಲ ಸಾಲಿನಲ್ಲೇ ಕೇಳಿದಳು. ನಮ್ಮಲ್ಲಿ ದಿಬ್ಬಕ್ಕೆ ತೋಳದ ಹೆಸರು ಉಳಿದಿದೆ, ತೋಳ ಉಳಿದಿಲ್ಲ, ಯಾರು ಕೊಂದರೆಂದು ಹೇಳುವವರೂ ಇಲ್ಲ ಎಂದು ಕೊನೆಗೆ ಬರೆದಳು. ನಾನು ಒಂದು ಅಕ್ಷರವನ್ನೂ ಮುಟ್ಟಲಿಲ್ಲ.

ನಿನ್ನೆ ಉತ್ತರ ಬಂತು. ಮರಿಯ ಹೆಸರನ್ನು ಅವನು ಬರೆದಿಲ್ಲ. ಅದರ ಬದಲು ಪುಟದ ತುಂಬ ದೊಡ್ಡಿಯ ನಕ್ಷೆ ಇದೆ: ನಾಯಿ ಮಲಗಿದ್ದ ಜಾಗ, ಗಾಳಿ ಬೀಸುತ್ತಿದ್ದ ದಿಕ್ಕು, ಬಲೆಯ ಬುಡ ಸಡಿಲವಾಗಿದ್ದ ಮೂಲೆ, ಅಲ್ಲಿಂದ ಒಳಕ್ಕೆ ಎಳೆದ ಕೆಂಪು ಬಾಣ. ಅಳತೆಯನ್ನು ಮಾತ್ರ ಹಾಕಿಲ್ಲ. ಆ ಮೂಲೆಯಿಂದ ನಾಯಿ ಎಷ್ಟು ಹೆಜ್ಜೆ ದೂರದಲ್ಲಿತ್ತು ಎಂದು ಮುಂದಿನ ಪತ್ರದಲ್ಲಿ ಕೇಳಬೇಕೆಂದು ಮಕ್ಕಳು ಕಪ್ಪುಹಲಗೆಯ ಮೇಲೆ ಈಗಾಗಲೇ ಬರೆದಿಟ್ಟಿದ್ದಾರೆ.