ಡಾಕ್ಟರನ್ನು ಕೇಳಿ: ಪಿಎಲ್‌ಜಿಎಫ್ ಕಡಿಮೆ ಬಂದರೆ ಗಾಬರಿಯಾಗಬೇಕಾ?

ಯಲಹಂಕ: ಡಾಕ್ಟ್ರೇ, ನನಗೆ 12 ವಾರ. ಹಿಂದಿನ ಸಲ ಬಿಪಿ ಏರಿ 33ನೇ ವಾರಕ್ಕೇ ಹೆರಿಗೆ ಮಾಡಿಸಿದ್ದರು. ಈಗ ಪಿಎಲ್‌ಜಿಎಫ್ ಕಡಿಮೆ ಬಂದಿದೆ. ಮಗುಗೆ ತೊಂದರೆಯಾ?

ಡಾಕ್ಟರ್: ಇದು ಮಗುವಿನ ದೋಷ ಹುಡುಕುವ ಟೆಸ್ಟ್ ಅಲ್ಲ. ಪಿಎಲ್‌ಜಿಎಫ್ ಅಂದರೆ ಮಾಸು ತಯಾರಿಸುವ ಪ್ರೋಟೀನ್, ರಕ್ತನಾಳ ಬೆಳೆಸುವುದು ಅದರ ಕೆಲಸ. ಮೊದಲ ತಿಂಗಳುಗಳಲ್ಲಿ ಮಾಸಿನ ಜೀವಕೋಶಗಳು ಗರ್ಭಕೋಶದ ಸುರುಳಿ ರಕ್ತನಾಳಗಳೊಳಗೆ ನುಗ್ಗಿ ಅವುಗಳ ಬಿಗಿ ಗೋಡೆಯನ್ನು ಸಡಿಲ ಮಾಡಿ ಅಗಲಿಸಬೇಕು. ಅದು ಅರ್ಧಂಬರ್ಧ ಆದರೆ ಮಾಸಿಗೆ ರಕ್ತ ಸರಿಯಾಗಿ ಹರಿಯುವುದಿಲ್ಲ, ಪಿಎಲ್‌ಜಿಎಫ್ ಇಳಿಯುತ್ತದೆ. ಆಮೇಲೆ ಎಸ್‌ಎಫ್‌ಎಲ್‌ಟಿ-1 ಅನ್ನುವ ಇನ್ನೊಂದು ಪ್ರೋಟೀನ್ ಜಾಸ್ತಿಯಾಗಿ ಇರುವ ಚೂರುಪಾರನ್ನೂ ಹಿಡಿದಿಟ್ಟುಕೊಳ್ಳುತ್ತದೆ. ತಾಯಿಯ ಬಿಪಿ ಏರುವುದು ಆಗಲೇ. ಹೀಗೆ ಬಿಪಿ ಏರಿ ಬೇರೆ ಅಂಗಗಳಿಗೂ ಪೆಟ್ಟು ಬೀಳುವ ಕಾಯಿಲೆಯೇ ಪ್ರಿಎಕ್ಲಾಂಪ್ಸಿಯಾ. ನನಗೆ ಚಿಂತೆ ನಿಮ್ಮ ರಿಪೋರ್ಟಿಗಿಂತ ಆ 33ನೇ ವಾರದ್ದು. ಕಡಿಮೆ ಡೋಸ್ ಆಸ್ಪಿರಿನ್ ಬಗ್ಗೆ ಈ ವಾರವೇ ನಿಮ್ಮ ಡಾಕ್ಟರನ್ನು ಕೇಳಿ, 16 ವಾರದೊಳಗೆ ಶುರುವಾಗಬೇಕು. 2017ರ ಆಸ್ಪ್ರೆ ಅಧ್ಯಯನದಲ್ಲಿ ಅಪಾಯ ಜಾಸ್ತಿ ಇದ್ದವರಿಗೆ ರಾತ್ರಿ 150 ಮಿ.ಗ್ರಾಂ. ಕೊಟ್ಟರು. 37 ವಾರಕ್ಕೆ ಮೊದಲೇ ಪ್ರಿಎಕ್ಲಾಂಪ್ಸಿಯಾ ಬಂದಿದ್ದು 1.6% ಜನರಿಗೆ, ಡಮ್ಮಿ ಮಾತ್ರೆಯವರಲ್ಲಿ 4.3%. ನೀವೇ ಮೆಡಿಕಲ್ ಶಾಪಲ್ಲಿ ತಗೊಂಡು ನುಂಗಬೇಡಿ.

ಜೆ.ಪಿ. ನಗರ: ಪ್ರೋಟೀನ್ ಪೌಡರ್ ಕುಡಿದರೆ ಪಿಎಲ್‌ಜಿಎಫ್ ಜಾಸ್ತಿ ಆಗುತ್ತಾ?

ಡಾಕ್ಟರ್: ಇಲ್ಲ.

ರಾಜಾಜಿನಗರ: ಫಾರ್ವರ್ಡ್ ಬಂದಿದೆ, ಬೀಟ್‌ರೂಟ್ ಜ್ಯೂಸ್ ಏಳು ದಿನ ಕುಡಿದರೆ ಮಾಸು ಗಟ್ಟಿಯಾಗುತ್ತಂತೆ. ಆಸ್ಪಿರಿನ್ ಯಾಕೆ?

ಡಾಕ್ಟರ್: ಬೀಟ್‌ರೂಟ್ ಪಲ್ಯ ಮಾಡಿಕೊಂಡು ತಿನ್ನಿ. ಅದನ್ನು ನಂಬಿ ಮಾತ್ರೆ ಬಿಟ್ಟರೆ ಆ ಫಾರ್ವರ್ಡ್ ಕಳಿಸಿದವರು ಐಸಿಯು ಬಾಗಿಲಲ್ಲಿ ಬಂದು ಕೂರುವುದಿಲ್ಲ.

ಬನಶಂಕರಿ: 20 ವಾರದ ಸ್ಕ್ಯಾನಲ್ಲಿ ಮಾಸು ಕೆಳಗಿದೆ ಅಂದರು. ಮೆಟ್ಟಿಲು ಹತ್ತಬಹುದಾ?

ರಾಜಾಜಿನಗರ: ನಮ್ಮ ಕಾಲದಲ್ಲಿ ಈ ಟೆಸ್ಟೆಲ್ಲಾ ಎಲ್ಲಿತ್ತು? ಹೆದರಿಸುವುದೇ ಇವರ ಕೆಲಸ.

ಯಲಹಂಕ: ನಿಮ್ಮ ಕಾಲದಲ್ಲಿ ಏನೇನಾಗುತ್ತಿತ್ತು ಅಂತ ನಮ್ಮಜ್ಜಿನ ಕೇಳಿ. ಮೊದಲ ಹೆರಿಗೇಲಿ ಫಿಟ್ಸ್ ಬಂದು ಅಕ್ಕನನ್ನೇ ಕಳಕೊಂಡಿದ್ದಾರೆ.

ರಾಜಾಜಿನಗರ: ನಿಮಗೆ ಹೇಳಿದ್ದಲ್ಲ, ಸುಮ್ನೆ ಮಧ್ಯೆ ಬರಬೇಡಿ.

ವೈಟ್‌ಫೀಲ್ಡ್: ಇಬ್ಬರೂ ಸ್ವಲ್ಪ ನಿಲ್ಲಿಸ್ತೀರಾ? ಹೆಂಡತಿಗೆ 34 ವಾರ. ಬಿಪಿ 150/100, ಮಧ್ಯಾಹ್ನದಿಂದ ತಲೆನೋವು, ಕಣ್ಣು ಮಂಜು. ಆದರೆ ಹೋದ ವಾರದ ಎಸ್‌ಎಫ್‌ಎಲ್‌ಟಿ-1/ಪಿಎಲ್‌ಜಿಎಫ್ ರೇಶಿಯೋ 30, 38ಕ್ಕಿಂತ ಕಡಿಮೆ. ಸೇಫ್ ಅಲ್ವಾ?

ಡಾಕ್ಟರ್: ಅಲ್ಲ. 38ರೊಳಗಿದ್ದರೆ ಮುಂದಿನ ಒಂದು ವಾರ ಪ್ರಿಎಕ್ಲಾಂಪ್ಸಿಯಾ ಬರುವ ಸಾಧ್ಯತೆ ಕಡಿಮೆ, ಅಷ್ಟೇ. ಆ ವಾರ ಮುಗಿಯಿತು. ಕಣ್ಣು ಮಂಜಾದ ಮೇಲೆ ರೇಶಿಯೋ ನೋಡುತ್ತಾ ಕೂರಬಾರದು. ಈಗಲೇ ಹೆರಿಗೆ ಆಸ್ಪತ್ರೆಗೆ ಹೊರಡಿ, ಬೆಳಗ್ಗೆವರೆಗೂ ಕಾಯಬೇಡಿ. ಫೈಲ್ ಜೊತೆಗಿರಲಿ, ಹೊರಟಾಗಲೇ ಫೋನ್ ಮಾಡಿ ತಿಳಿಸಿ.

ವೈಟ್‌ಫೀಲ್ಡ್: ಹೊರಟೆವು.

ಜೆ.ಪಿ. ನಗರ: ಹಾಗಾದರೆ ಪೌಡರ್ ಬೇಡ, ಬೀಟ್‌ರೂಟ್ ಜ್ಯೂಸ್ ಕುಡಿಯಬಹುದಾ?

ಡಾಕ್ಟರ್: ಮೇಲೆ ಓದಿ.