ಅಡಿಕೆ ತೋಟದ ಹಳ್ಳದ ನೀರು: ಪರೀಕ್ಷೆ ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ – ತುಂಗಾತೀರ, ತೀರ್ಥಹಳ್ಳಿ

ನಮ್ಮೂರಿನ ಹಳ್ಳ ಅಡಿಕೆ ತೋಟಗಳ ನಡುವೆ ಹಾದು ತುಂಗೆಯನ್ನು ಸೇರುತ್ತದೆ. ಈಚೆಗೆ ಏಡಿ, ಮೀನು ಕಡಿಮೆಯಾಗಿವೆ. ಕೊಳೆರೋಗದ ಔಷಧಿ ಹೊಡೆದ ಡ್ರಮ್ಮುಗಳನ್ನು ಹಳ್ಳದಲ್ಲೇ ತೊಳೆಯುವುದು ಕಾರಣವಿರಬಹುದೇ? ನಾವು ಕೆಲವರು ಸೇರಿ ವರ್ಷವಿಡೀ ನೀರನ್ನು ಪರೀಕ್ಷಿಸಬೇಕೆಂದಿದ್ದೇವೆ. ಪಂಚಾಯಿತಿಯಲ್ಲಿ ಜಲಜೀವನ ಮಿಷನ್ ಕಿಟ್ ಇದೆ, ಅದು ಸಾಕೇ?

ಉತ್ತರ – ಹಳ್ಳದ ದಾರಿ, ಸಾಗರ

ಸಾಲದು. ಆ ಕಿಟ್ ಕುಡಿಯುವ ನೀರಿಗೆಂದು ಮಾಡಿದ್ದು. ಪಿಎಚ್, ನೈಟ್ರೇಟ್, ಕಬ್ಬಿಣ ತಿಳಿಯುತ್ತದೆ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ತಿಳಿಯುವುದಿಲ್ಲ. ತಾಮ್ರ ಬಹಳ ಕಡಿಮೆ ಪ್ರಮಾಣದಲ್ಲೇ ಜಲಚರಗಳಿಗೆ ವಿಷ. ಅಲ್ಲದೆ ಡ್ರಮ್ ತೊಳೆದ ನೀರು ಆಗಲೇ ಹರಿದುಹೋಗಿರುತ್ತದೆ; ಮರುದಿನ ಬಾಟಲಿ ಹಿಡಿದು ಹೋದರೆ ಏನು ಸಿಕ್ಕೀತು? ಹಳ್ಳದ ಕಲ್ಲಿನಡಿಯ ಹುಳುಗಳಾದರೆ ತಿಂಗಳುಗಟ್ಟಲೆ ಅಲ್ಲೇ ಬಾಳುತ್ತವೆ. ಮೊದಲು ಕಲ್ಲು ಎತ್ತಿ ನೋಡಿ.

ಜುಳುಜುಳು ಹರಿಯುವ ಕಡೆ ಅಂಗೈಯಗಲದ ಕಲ್ಲನ್ನು ನಿಧಾನವಾಗಿ ಎತ್ತಿ, ಬಿಳಿ ತಟ್ಟೆಯ ಮೇಲೆ ಮಗುಚಿ ನೀರು ಹನಿಸಿ. ಹೊಟ್ಟೆಯ ಎರಡೂ ಬದಿ ಮಿಡಿಯುವ ಕಿವಿರು, ಹಿಂದೆ ಎರಡೋ ಮೂರೋ ಎಳೆಬಾಲ ಕಂಡರೆ ಅದು ಮೇಫ್ಲೈ ಎಂಬ ಹಾರುವ ಕೀಟದ ಮರಿ. ಮರಳಿನ ಕಣ ಅಂಟಿಸಿ ಕಟ್ಟಿಕೊಂಡ ಪುಟ್ಟ ಕೊಳವೆಯೊಳಗೆ ಇರುವುದು ಕ್ಯಾಡಿಸ್‌ಫ್ಲೈ ಎಂಬ ಇನ್ನೊಂದು ಹಾರುವ ಕೀಟದ ಹುಳು. ಎರಡೂ ಇದ್ದರೆ ನೀರಿನಲ್ಲಿ ಆಮ್ಲಜನಕ ಚೆನ್ನಾಗಿದೆ ಎನ್ನಬಹುದು. ಮೇಫ್ಲೈಗೆ ತಾಮ್ರವಂತೂ ಸ್ವಲ್ಪವೂ ಆಗಿಬರುವುದಿಲ್ಲ. ತೋಟಗಳಿಗಿಂತ ಮೇಲೊಂದು, ಕೆಳಗೊಂದು ಜಾಗ ಗೊತ್ತುಮಾಡಿಕೊಳ್ಳಿ. ಹರಿವು, ನೆರಳು ಎರಡೂ ಕಡೆ ಒಂದೇ ಬಗೆಯದಿರಲಿ. ಹೋಲಿಸಲು ಮೇಲಿನ ಜಾಗವಿಲ್ಲದ ದಾಖಲೆಯನ್ನು ನಾನು ನಂಬುವುದಿಲ್ಲ. ಮತ್ತೆ, ಕಲ್ಲನ್ನು ದಯವಿಟ್ಟು ಇದ್ದ ಹಾಗೆಯೇ ಇಟ್ಟು ಬನ್ನಿ.

ಉತ್ತರ – ರಸಾಯನ ಟೀಚರ್, ಶಿವಮೊಗ್ಗ

ಕರಗಿದ ಆಮ್ಲಜನಕ ಅಳೆಯುವ ಕಿಟ್ ಒಂದನ್ನೂ ಕೊಳ್ಳಿ. ಸ್ನಾನದ ನದಿನೀರಿನಲ್ಲಿ ಲೀಟರಿಗೆ ಕನಿಷ್ಠ 5 ಮಿಲಿಗ್ರಾಂ ಇರಬೇಕೆಂಬುದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡ. ರಾತ್ರಿ ಪಾಚಿಯೂ ಆಮ್ಲಜನಕ ಬಳಸುವುದರಿಂದ ಬೆಳಗಿನ ಜಾವ ಅತಿ ಕಡಿಮೆ ಇರುತ್ತದೆ. ಪ್ರತಿ ಸಲ ಒಂದೇ ಹೊತ್ತಿಗೆ ಅಳೆಯಿರಿ.

ತುಂಗಾತೀರ

ತೋಟದವರೆಲ್ಲ ನೆಂಟರಿಷ್ಟರೇ. ಬೇಸರ ಮಾಡಿಕೊಂಡರೆ?

ಹಳ್ಳದ ದಾರಿ

ಅವರನ್ನೇ ಜೊತೆಗೆ ಕರೆದುಕೊಂಡು ಹೋಗಿ. ಮೊದಲ ಔಷಧಿ ಹೊಡೆಯುವ ಮುಂಚೆ ಒಮ್ಮೆ ಎರಡೂ ಜಾಗಗಳನ್ನು ನೋಡಲಿ. ಜುಲೈನಲ್ಲಿ ಹಳ್ಳಕ್ಕೆ ಇಳಿಯಬೇಡಿ. ಮಳೆ ಇಳಿದು ನೀರು ತಿಳಿಯಾದ ಮೇಲೆ ಮತ್ತೆ ಹೋಗಿ. ನೆರೆಯೂ ಹುಳುಗಳನ್ನು ಕೊಚ್ಚಿಕೊಂಡು ಹೋಗುತ್ತದೆ, ಆದ್ದರಿಂದ ಅವಸರ ಬೇಡ. ಮೇಲಿನ ಜಾಗಕ್ಕೆ ಅವು ಮರಳಿ ಬಂದು, ಕೆಳಗೆ ಬಾರದಿದ್ದರೆ ಆಗ ಡ್ರಮ್ಮಿನ ಮಾತು ತೆಗೆಯಿರಿ.